ಬೊಲೋನ್ಯಾದಲ್ಲಿ ಬಿಡಾರ

ಬೇಲೂರು, ಹಳೇಬೀಡು ನೋಡಲು ಹೊರಟವರು ಹಾಸನದಲ್ಲಿ ರೂಮು ಹಿಡಿಯುತ್ತಾರೆ. ಹಾಸನ ಅವೆರಡಕ್ಕಿಂತ ಚೆಂದ ಅಂತಲ್ಲ, ಎರಡೂ ಕಡೆಗೆ ಬಸ್ಸು ಅಲ್ಲಿಂದ ಸಿಗುತ್ತದೆ ಅಂತ. ಇಷ್ಟು ಸರಳ ಲೆಕ್ಕ ಯುರೋಪಿಗೆ ಹೊರಟ ಕೂಡಲೇ ನಮಗೆ ಮರೆತುಹೋಗುತ್ತದೆ. ಹತ್ತು ದಿನಕ್ಕೆ ಏಳು ಊರು, ಏಳು ಹೋಟೆಲು. ದಿನ ಬೆಳಗಾದರೆ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುವ ಶಿಕ್ಷೆ.

ನಾನು ಕಂಡುಕೊಂಡ ದಾರಿ ಬೇರೆ. ಒಂದು ಊರಲ್ಲಿ ಬಿಡಾರ ಹೂಡಿ. ಬೆಳಿಗ್ಗೆ ಹೋಗಿ, ರಾತ್ರಿ ಬನ್ನಿ. ಆ ಊರನ್ನು ಅಂದ ನೋಡಿ ಆರಿಸಬೇಡಿ, ಸ್ಟೇಷನ್ ನೋಡಿ ಆರಿಸಿ. ಇಟಲಿಯಲ್ಲಿ ಈ ಪರೀಕ್ಷೆ ಮೊದಲ ದರ್ಜೆಯಲ್ಲಿ ಪಾಸು ಮಾಡುವ ಊರು ಬೊಲೋನ್ಯಾ.

ಅದಕ್ಕೆ ಕಾರಣ 2,200 ವರ್ಷ ಹಳೆಯದು. ಕ್ರಿ.ಪೂ. 187ರಲ್ಲಿ ರೋಮಿನ ಕಾನ್ಸಲ್ ಎಮಿಲಿಯಸ್ ಲೆಪಿಡಸ್ ಕಡಲ ದಂಡೆಯ ರಿಮಿನಿಯಿಂದ ಪಿಯಾಚೆಂಜಾವರೆಗೆ ಗೆರೆ ಎಳೆದಂತೆ ಒಂದು ರಸ್ತೆ ಹಾಕಿಸಿದ. ವಿಯಾ ಎಮಿಲಿಯಾ ಎಂಬ ಆ ದಾರದಲ್ಲಿ ಫಯೆಂಜಾ, ಬೊಲೋನ್ಯಾ, ಮೊದೆನಾ, ಪಾರ್ಮಾಗಳು ಮಣಿಗಳಂತೆ ಪೋಣಿಸಿಕೊಂಡಿವೆ. ಮುಂದೆ ರೈಲು ಹಳಿಯೂ ಅದೇ ಜಾಡು ಹಿಡಿಯಿತು. ನಡುವಿನ ಮಣಿಯಾದ ಬೊಲೋನ್ಯಾದಿಂದ ಫ್ಲಾರೆನ್ಸ್, ವೆರೋನಾ, ವೆನಿಸ್ ಕಡೆಗೂ ಹಳಿಗಳು ಕವಲೊಡೆದವು. ಮೊದೆನಾಕ್ಕೂ ಫೆರಾರಾಕ್ಕೂ ಅರ್ಧ ಗಂಟೆ, ಪಾರ್ಮಾಕ್ಕೆ ಒಂದು ಗಂಟೆ, ರವೆನ್ನಾಕ್ಕೆ ಅದಕ್ಕಿಂತ ತುಸು ಹೆಚ್ಚು. ಬೆಟ್ಟದ ಸುರಂಗಗಳಲ್ಲಿ ನುಗ್ಗುವ ವೇಗದ ರೈಲು ಸುಮಾರು 40 ನಿಮಿಷದಲ್ಲಿ ಫ್ಲಾರೆನ್ಸ್ ಮುಟ್ಟಿಸುತ್ತದೆ.

ಕೈಯಲ್ಲಿ ಒಂದೇ ದಿನ ಇದ್ದರೆ ರವೆನ್ನಾಕ್ಕೆ ಹೋಗಿ. ಅಲ್ಲಿನ ಹಳೆಯ ಚರ್ಚುಗಳು ಹೊರಗಿನಿಂದ ಬರೀ ಇಟ್ಟಿಗೆ. ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಅನಿಸುತ್ತದೆ. ಐದನೇ ಶತಮಾನದ ಗಾಲ್ಲಾ ಪ್ಲಾಸಿಡಿಯಾ ಸಮಾಧಿ ಮಂದಿರ ಸಣ್ಣ ಗುಡಿಯಷ್ಟೇ ಇದೆ. ಕಿಟಕಿಗೆ ಗಾಜಿನ ಬದಲು ಅಲಬಾಸ್ಟರ್ ಕಲ್ಲಿನ ತೆಳು ಹಲಗೆಗಳು. ಅವು ಸೋಸಿ ಬಿಡುವ ಜೇನು ಬಣ್ಣದ ಬೆಳಕಿಗೆ ಕಣ್ಣು ಪಳಗುವ ತನಕ ಏನೂ ಕಾಣದು. ಆಮೇಲೆ ನೀಲಿ ಮೊಸಾಯಿಕ್ ಚಾವಣಿಯಲ್ಲಿ ಚಿನ್ನದ ನಕ್ಷತ್ರಗಳು ಒಂದೊಂದಾಗಿ ಮೂಡುತ್ತವೆ. ಒಳಗೆ ನಿಲ್ಲಲು ಬಿಡುವುದು ಕೆಲವೇ ನಿಮಿಷ. ಮೊದಲ ನಿಮಿಷ ಸುಮ್ಮನೆ ನಿಲ್ಲಿ, ಮೊಬೈಲು ಆಮೇಲೆ. ಪಕ್ಕದ ಸಾನ್ ವಿತಾಲೆ ಚರ್ಚು 547ರಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿ ಚಕ್ರವರ್ತಿ ಜಸ್ಟಿನಿಯನ್, ರಾಣಿ ಥಿಯೊಡೋರಾ ಎದುರುಬದುರು ಗೋಡೆಗಳಲ್ಲಿ ಪರಿವಾರ ಸಮೇತ ನಿಂತಿದ್ದಾರೆ.

ಫ್ಲಾರೆನ್ಸ್ ಗಡೀಪಾರು ಮಾಡಿದ ಕವಿ ಡಾಂಟೆ 1321ರಲ್ಲಿ ತೀರಿಕೊಂಡದ್ದೂ ರವೆನ್ನಾದಲ್ಲೇ. ಆಮೇಲೆ ಫ್ಲಾರೆನ್ಸ್ ಎಷ್ಟು ಬೇಡಿದರೂ ರವೆನ್ನಾ ಅಸ್ಥಿ ಕೊಡಲಿಲ್ಲ. ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿ ಅವನ ಹೆಸರಲ್ಲಿರುವುದು ಖಾಲಿ ಸಮಾಧಿ. ರವೆನ್ನಾದ ಸಮಾಧಿಯ ದೀಪಕ್ಕೆ ಎಣ್ಣೆ ಮಾತ್ರ ಪ್ರತಿ ಸೆಪ್ಟೆಂಬರಿನಲ್ಲಿ ಫ್ಲಾರೆನ್ಸಿನಿಂದಲೇ ಬರುತ್ತದೆ. ತಪ್ಪುಕಾಣಿಕೆ ಅನ್ನಬಹುದೇನೋ.

ಫೆರಾರಾ ಸೈಕಲ್ಲಿನ ಊರು. ಬಾಡಿಗೆಗೆ ಒಂದು ಹಿಡಿದು 9 ಕಿಲೋಮೀಟರ್ ಉದ್ದದ ಹಳೆಯ ಕೋಟೆಗೋಡೆ ಸುತ್ತಿ ಬಂದರೆ ಹಸಿವು ತಾನಾಗಿಯೇ ಏಳುತ್ತದೆ. ಅದಕ್ಕೆ ಅಲ್ಲಿನ ಕಪ್ಪೆಲ್ಲಾಚಿ ಇದೆ: ಸಿಹಿಕುಂಬಳದ ಹೂರಣ ತುಂಬಿದ ಪಾಸ್ತಾ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಈ ಸೀಮೆಯಲ್ಲಿ ‘ತೊರ್ತೆಲ್ಲೋನಿ’ ಅಂದರೆ ಸಾಮಾನ್ಯವಾಗಿ ರಿಕೋಟಾ ಚೀಸಿನ ಹೂರಣ, ‘ತೊರ್ತೆಲ್ಲೀನಿ’ ಅಂದರೆ ಹಂದಿಮಾಂಸ. ಒಂದು ಸ್ವರ ಹೆಚ್ಚುಕಡಿಮೆಯಾದರೆ ತಟ್ಟೆಯೇ ಬದಲು. ಪಾರ್ಮಿಜಾನೋ ಚೀಸಿಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್ಟಿನಲ್ಲಿ. ಕಟ್ಟುನಿಟ್ಟಿನವರು ಅದನ್ನೂ ಕೇಳಿಕೊಳ್ಳಲಿ.

ಹೋಗಿ ಬರಲು ನಾನು ಬೇಡ ಅನ್ನುವ ಊರು ವೆನಿಸ್. ಒಂದೂವರೆ ಗಂಟೆಯ ದಾರಿ, ಆಸೆ ಆಗುತ್ತದೆ. ಆದರೆ ಹತ್ತು ಗಂಟೆಗೆ ಬಂದು ಐದಕ್ಕೆ ಹೊರಡುವವರಿಗೆ ಸಿಗುವುದು ಜಾತ್ರೆ. ವೆನಿಸ್ ತೆರೆದುಕೊಳ್ಳುವುದು ಅವರೆಲ್ಲ ಹೋದ ಮೇಲೆ. 2024ರಲ್ಲಿ ಆ ನಗರ ಆಯ್ದ ದಿನಗಳಲ್ಲಿ ಹಗಲು ಪ್ರವಾಸಿಗರಿಂದ 5 ಯೂರೋ ಪ್ರವೇಶ ಶುಲ್ಕ ಕೇಳಲು ಶುರುಮಾಡಿತು. ರಾತ್ರಿ ತಂಗುವವರು ಅದನ್ನು ಕಟ್ಟಬೇಕಿಲ್ಲ. ಊರೇ ಅಷ್ಟು ಬಿಡಿಸಿ ಹೇಳಿದ ಮೇಲೆ ಇನ್ನೇನು?

ಕೆಲವು ಕಿವಿಮಾತು. ದಿನಕ್ಕೆ ಒಂದೇ ಊರು. ಸೋಮವಾರ ಬಹಳಷ್ಟು ಮ್ಯೂಸಿಯಮ್ಮುಗಳಿಗೆ ರಜೆ. ಅನೇಕ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಊಟದ ಮನೆಗಳು ಎರಡೂವರೆಯ ಹೊತ್ತಿಗೆ ಒಲೆ ಆರಿಸುತ್ತವೆ. ಆದ್ದರಿಂದ ಎಂಟರೊಳಗೆ ರೈಲು ಹತ್ತಿ. ಪ್ರಾದೇಶಿಕ ರೈಲಿಗೆ ಯಾವಾಗ ಕೊಂಡರೂ ಒಂದೇ ದರ, ಮುಂಗಡ ಬೇಡ; ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳದಿದ್ದರೆ ದಂಡ. ಬೊಲೋನ್ಯಾ ಸ್ಟೇಷನ್ನಿನಲ್ಲಿ ‘1’ ಬೇರೆ, ‘1 ಓವೆಸ್ಟ್’ ಬೇರೆ. ಓವೆಸ್ಟ್ ಅಂದರೆ ಪಶ್ಚಿಮ. ಆ ಪ್ಲಾಟ್‌ಫಾರಂ ತಲುಪಲು ಚೆನ್ನಾಗಿ ನಡೆಯಬೇಕು. ವಸಂತದಲ್ಲಿ ಮಕ್ಕಳ ಪುಸ್ತಕ ಮೇಳದಂಥ ದೊಡ್ಡ ಮೇಳಗಳಿದ್ದಾಗ ರೂಮಿನ ಬಾಡಿಗೆ ಏರುತ್ತದೆ. ಆ ವಾರ ತಪ್ಪಿಸಿ.

ಕೊನೆಗೊಂದು ದಿನ ಯಾವ ರೈಲೂ ಹತ್ತಬೇಡಿ. ಇಷ್ಟು ದಿನ ಮಲಗಲು ಜಾಗ ಕೊಟ್ಟ ಊರಿನ ಋಣ ತೀರಿಸಿ. ಬೊಲೋನ್ಯಾದ ಕಮಾನು ಮೊಗಸಾಲೆಗಳು ಒಟ್ಟು 62 ಕಿಲೋಮೀಟರ್. 2021ರಲ್ಲಿ ಅವು ಯುನೆಸ್ಕೋ ಪಟ್ಟಿ ಸೇರಿದವು. ಅವುಗಳಲ್ಲೊಂದು 666 ಕಮಾನುಗಳ ನೆರಳಲ್ಲಿ, ಹತ್ತಿರ ಹತ್ತಿರ 4 ಕಿಲೋಮೀಟರ್, ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚಿನವರೆಗೆ ಏರುತ್ತದೆ. ಮಳೆ ಬಂದರೂ ಕೊಡೆ ಬೇಕಿಲ್ಲ. ಟಿಕೆಟ್ಟೂ ಇಲ್ಲ, ಮುದ್ರೆಯೂ ಇಲ್ಲ.