ಯಾರ ಕಣ್ಣಿಗೆ ಮಣ್ಣು?

ಬೆಂಗಳೂರಿಗೆ ಹೋದವರು ಏನೇನು ನೋಡಿ ಬರಬೇಕೆಂಬ ಪಟ್ಟಿ ನಮ್ಮ ಕಡೆಯ ಹಳ್ಳಿಗಳಲ್ಲಿ ಬಹಳ ಕಾಲ ಬದಲಾಗಿರಲಿಲ್ಲ. ವಿಧಾನಸೌಧ, ಕಬ್ಬನ್ ಪಾರ್ಕು, ಲಾಲ್‌ಬಾಗಿನ ಗಾಜಿನ ಮನೆ, ಸಮಯ ಉಳಿದರೆ ಟಿಪ್ಪುವಿನ ಬೇಸಿಗೆ ಅರಮನೆ. ಈ ಸಲ ನಾವು ಮಟಮಾರಿಯಿಂದ ಹೊರಟಾಗ ಜೊತೆಗಿದ್ದ ಇಬ್ಬರು ಮಕ್ಕಳು ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದೇ ಹಟ ಹಿಡಿದರು. ‘ಇಲ್ಯೂಷನ್ ಮ್ಯೂಸಿಯಂ’ ತೋರಿಸಬೇಕು. ಅವರ ಸಹಪಾಠಿಯೊಬ್ಬನ ಫೋಟೋ ಮೊಬೈಲಿನಲ್ಲಿ ಬಂದಿತ್ತು. ಹುಡುಗ ಒಂದು ಕೋಣೆಯ ಛಾವಣಿಗೆ ಕಾಲು ಅಂಟಿಸಿಕೊಂಡು ಬಾವಲಿಯಂತೆ ನೇತಾಡುತ್ತಿದ್ದ. ಇದು ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ, ನಮ್ಮದೂ ಅಂಥದೊಂದು ಫೋಟೋ ಬೇಕು ಎಂಬುದು ಬೇಡಿಕೆಯಾಗಿತ್ತು.

ನಾವು ಹಿಡಿಯಬೇಕಾದ ಗಾಡಿ ಮಟಮಾರಿಯಲ್ಲಿ ನಿಲ್ಲುವುದಿಲ್ಲ. ಉತ್ತರಕ್ಕೆ ರಾಯಚೂರಿಗೆ ಹೋಗಿ ಅಲ್ಲಿ ರೈಲು ಹತ್ತಿ, ಬಿಟ್ಟು ಬಂದ ನಮ್ಮ ಊರನ್ನೇ ಮತ್ತೆ ಕತ್ತಲೆಯಲ್ಲಿ ದಾಟಿ ಹೋಗಬೇಕು. ಗುಂತಕಲ್ಲಿನಲ್ಲಿ ಪಕ್ಕದ ಹಳಿಯ ಗಾಡಿ ಮೆಲ್ಲಗೆ ಸರಿದಾಗ ಚಿಕ್ಕವಳು, ‘ನಮ್ಮ ಗಾಡಿ ಹೊಂಟ್ತು’ ಎಂದು ಚಪ್ಪಾಳೆ ತಟ್ಟಿದಳು. ಆ ಗಾಡಿಯ ಕೊನೆಯ ಡಬ್ಬಿ ಸರಿದು ಪ್ಲಾಟ್‌ಫಾರ್ಮು ಕಾಣಿಸಿದಾಗ ನಾವು ಇದ್ದಲ್ಲೇ ಇದ್ದೆವು. ಟಿಕೆಟ್ಟಿಲ್ಲದೆ ಸಿಕ್ಕ ಮೊದಲ ಭ್ರಮೆ ಅದು. ಅವಳು ಅರ್ಧ ತಾಸು ಅದನ್ನೇ ಕೇಳಿದಳು. ನಾವು ನಿಂತಿದ್ದರೂ ಹೊಟ್ಟೆಯೊಳಗೆ ಜಗ್ಗಿದಂತೆ ಯಾಕಾಯಿತು?

ಇಂಥ ಸಂಗ್ರಹಾಲಯಗಳು ಇತ್ತೀಚಿನವು. ಯುರೋಪಿನ ಕ್ರೊಯೇಷಿಯಾ ದೇಶದ ಝಾಗ್ರೆಬ್ ನಗರದಲ್ಲಿ 2015ರಲ್ಲಿ ‘ಮ್ಯೂಸಿಯಂ ಆಫ್ ಇಲ್ಯೂಷನ್ಸ್’ ತೆರೆದು ಆಮೇಲೆ ಹತ್ತಾರು ದೇಶಗಳಿಗೆ ಹಬ್ಬಿತು. 2016ರಲ್ಲಿ ಚೆನ್ನೈಯಲ್ಲಿ ಚಿತ್ರಕಲಾವಿದ ಎ.ಪಿ. ಶ್ರೀಧರ್ ‘ಕ್ಲಿಕ್ ಆರ್ಟ್ ಮ್ಯೂಸಿಯಂ’ ಆರಂಭಿಸಿದರು. ಹೆಸರಿನಲ್ಲಿಯೇ ‘ಕ್ಲಿಕ್’ ಇದೆ ಎಂಬುದನ್ನು ಓದುಗರು ಗಮನಿಸಬೇಕು. ಅದಾದ ಬಳಿಕ ದೊಡ್ಡ ನಗರಗಳ ಮಾಲುಗಳಲ್ಲಿ, ಪ್ರವಾಸಿ ತಾಣಗಳಲ್ಲಿ ಇದೇ ಮಾದರಿಯ ಅಂಗಡಿಗಳು ತಲೆಯೆತ್ತಿದವು. ನಾವು ಹೊಕ್ಕದ್ದು ಅಂಥದೇ ಒಂದಕ್ಕೆ. ಅದರ ಹೆಸರು ಇಲ್ಲಿ ಮುಖ್ಯವಲ್ಲ, ಒಂದನ್ನು ನೋಡಿದರೆ ಉಳಿದವನ್ನು ನೋಡಿದಂತೆಯೇ. ಒಬ್ಬೊಬ್ಬರ ಟಿಕೆಟ್ಟು ನಮ್ಮೂರಲ್ಲಿ ಹತ್ತಿ ಬಿಡಿಸುವ ಹೆಣ್ಣಾಳಿನ ಒಂದು ದಿನದ ಕೂಲಿಗಿಂತ ಹೆಚ್ಚಿತ್ತು ಎಂಬುದನ್ನು ಮಾತ್ರ ಹೇಳಿಬಿಡುತ್ತೇವೆ.

ಒಳಗೆ ಸಂತೋಷಪಡಲು ಏನೂ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಗೋಡೆಯಿಂದ ನೆಲಕ್ಕೆ ಇಳಿದು ಬಂದ ಚಿತ್ರಗಳಿದ್ದವು. ಮುರಿದ ಸೇತುವೆ, ಕೆಳಗೆ ಪ್ರಪಾತ, ಚೌಕಟ್ಟು ಒಡೆದು ಹೊರಗೆ ನುಗ್ಗುವ ಆನೆ, ಬಾಯಿ ತೆರೆದ ಮೊಸಳೆ. ಅವನ್ನು ಬರೆದ ಕೈಗಳಿಗೆ ಲೆಕ್ಕ ಗೊತ್ತಿತ್ತು. ನೆಲದ ಮೇಲಿನ ಭಾಗವನ್ನು ಎಷ್ಟು ಉದ್ದಕ್ಕೆ ಎಳೆದರೆ ಓರೆಯಿಂದ ನೋಡಿದಾಗ ಅದು ಸರಿಯಾದ ಅಳತೆಗೆ ಕುಗ್ಗುತ್ತದೆ ಎಂಬ ಲೆಕ್ಕ ಅದು. ಸಿನಿಮಾ ಬ್ಯಾನರು, ಅಂಗಡಿ ಬೋರ್ಡು ಬರೆಯುತ್ತಿದ್ದವರ ಕೆಲಸವನ್ನು ಫ್ಲೆಕ್ಸ್ ಯಂತ್ರ ಕಸಿದುಕೊಂಡ ಈ ಕಾಲದಲ್ಲಿ ಗೋಡೆಗೆ ಬಣ್ಣ ಹಚ್ಚುವ ಕೈಗೆ ಇಷ್ಟಾದರೂ ಕೆಲಸ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಆದರೆ ಯಾವ ಚಿತ್ರದ ಕೆಳಗೂ ಬರೆದವರ ಹೆಸರಿರಲಿಲ್ಲ.

ಪ್ರತಿ ಚಿತ್ರದ ಮುಂದೆ ನೆಲದಲ್ಲಿ ಎರಡು ಗುರುತುಗಳು. ಒಂದು, ನೀವು ಎಲ್ಲಿ ನಿಲ್ಲಬೇಕು. ಇನ್ನೊಂದು, ಮೊಬೈಲು ಹಿಡಿದವರು ಎಲ್ಲಿ ನಿಲ್ಲಬೇಕು. ಸಮವಸ್ತ್ರ ತೊಟ್ಟ ಹುಡುಗ, ‘ಕೈ ಮೇಲೆತ್ತಿ, ಹೆದರಿದ ಹಾಗೆ ಮುಖ ಮಾಡಿ’ ಎಂದು ಹೇಳಿಕೊಡುತ್ತಾನೆ, ಕ್ಲಿಕ್ಕಿಸುತ್ತಾನೆ, ಮುಂದಿನವರನ್ನು ಕರೆಯುತ್ತಾನೆ. ಏಳೆಂಟು ಚಿತ್ರ ಮುಗಿದ ಮೇಲೆ ಚಿಕ್ಕವಳು ನಮ್ಮ ಕೈ ಎಳೆದು ಕೇಳಿದಳು: ‘ಮಾಮು, ಇದ್ರಾಗ ನಾವು ಎಲ್ಲಿ ಮೋಸ ಹೋದ್ವಿ?’

ಆ ಪ್ರಶ್ನೆಯಿಂದಲೇ ನಮಗೂ ಎಚ್ಚರವಾದದ್ದು. ನಿಜಕ್ಕೂ ನಾವು ಮೋಸ ಹೋಗಿರಲಿಲ್ಲ. ಮೊಸಳೆಯ ಮುಂದೆ ನಿಂತಾಗ ಅದು ನೆಲಕ್ಕೆ ಬಳಿದ ಬಣ್ಣವೆಂದು ಸ್ಪಷ್ಟವಾಗಿ ಕಾಣುತ್ತಿತ್ತು. ಮನುಷ್ಯನಿಗೆ ಎರಡು ಕಣ್ಣು. ಎರಡೂ ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನದಿಂದ ನೋಡುತ್ತವೆ, ಆ ವ್ಯತ್ಯಾಸದಿಂದ ಮೆದುಳು ಆಳವನ್ನು ಅಳೆಯುತ್ತದೆ. ತಲೆ ಸ್ವಲ್ಪ ಆಡಿಸಿದರೂ ಚಪ್ಪಟೆ ಚಿತ್ರದ ಗುಟ್ಟು ಬಯಲಾಗುತ್ತದೆ. ಮೊಬೈಲಿನ ಫೋಟೋಗೆ ಒಂದೇ ಕಣ್ಣು, ಅದೂ ಆಡದ ಕಣ್ಣು. ಚಿತ್ರದ ಇಡೀ ಲೆಕ್ಕ ಆ ಒಂಟಿ ಕಣ್ಣಿಗಾಗಿ ಹಾಕಿದ್ದು. ಹಾಗಾದರೆ ಇಲ್ಲಿ ಯಾರ ಕಣ್ಣಿಗೆ ಮಣ್ಣೆರಚಲಾಗುತ್ತದೆ? ಟಿಕೆಟ್ಟು ಕೊಂಡವರ ಕಣ್ಣಿಗಲ್ಲ, ಮನೆಯಲ್ಲಿ ಕುಳಿತು ಫೋಟೋ ನೋಡುವವರ ಕಣ್ಣಿಗೆ. ನಾವು ಪ್ರೇಕ್ಷಕರೆಂದು ಒಳಗೆ ಹೋಗಿ ಮೋಸಗಾರರ ಪಾಲುದಾರರಾಗಿ ಹೊರಗೆ ಬಂದಿದ್ದೆವು!

ಅದಕ್ಕೆ ಸಾಕ್ಷಿ ಅದೇ ಸಂಜೆ ಸಿಕ್ಕಿತು. ದೊಡ್ಡವನು ತನ್ನ ತಂಗಿಯ ಕಾಲು ಮೊಸಳೆಯ ಬಾಯೊಳಗಿದ್ದ ಫೋಟೋವನ್ನು ಮನೆಗೆ ಕಳಿಸಿದ್ದ. ಊರಿನಿಂದ ಮಕ್ಕಳ ನಾನಿಯ ಫೋನು ಬಂತು. ಮಾತು ತಡವರಿಸುತ್ತಿತ್ತು. ನಗರದವರಿಗೆ ಇದು ನಗೆಯ ವಿಷಯ. ಆದರೆ ಕೃಷ್ಣೆಯ ದಂಡೆಯಲ್ಲಿ ಮೊಸಳೆಯೆಂಬುದು ಚಿತ್ರವಲ್ಲ. ನಮ್ಮ ಜಿಲ್ಲೆಯ ಹೊಳೆಯಂಚಿನ ಊರುಗಳಲ್ಲಿ ನೀರಿಗಿಳಿಯುವ ಮುನ್ನ ಜನ ಇಂದಿಗೂ ಒಮ್ಮೆ ಸುತ್ತ ನೋಡುತ್ತಾರೆ.

ನಿಜವಾಗಿ ಕಣ್ಣನ್ನೇ ಸೋಲಿಸುವ ವಸ್ತುಗಳೂ ಅಲ್ಲಿ ಎರಡು ಮೂರು ಇದ್ದವು. ಒಂದು, ತಿರುಗುವ ಸುರಂಗ. ನಡೆಯುವ ಸೇತುವೆ ಅಲುಗುವುದಿಲ್ಲ, ಸುತ್ತಲಿನ ಕೊಳವೆ ಮಾತ್ರ ದೀಪಗಳ ಸಮೇತ ತಿರುಗುತ್ತದೆ. ಆದರೂ ನಾವು ಕಂಬಿ ಹಿಡಿಯದೆ ನಿಲ್ಲಲಾಗಲಿಲ್ಲ. ಗುಂತಕಲ್ಲಿನ ಗಾಡಿಯದೇ ಕಥೆ ಇದು. ಒಳಕಿವಿಯಲ್ಲಿರುವ ಸಮತೋಲದ ಅಂಗ ‘ನಿಂತಿದ್ದೀಯ’ ಎನ್ನುತ್ತದೆ, ಕಣ್ಣು ‘ಉರುಳುತ್ತಿದ್ದೀಯ’ ಎನ್ನುತ್ತದೆ, ದೇಹ ಕಣ್ಣಿನ ಮಾತನ್ನೇ ನಂಬುತ್ತದೆ. ಇನ್ನೊಂದು, ಒಬ್ಬರು ಕುಬ್ಜರಾಗಿ ಇನ್ನೊಬ್ಬರು ದೈತ್ಯರಾಗಿ ಕಾಣುವ ಕೋಣೆ. ಚಿತ್ರಕಾರನಾಗಿದ್ದು ಕಣ್ಣಿನ ಸಂಶೋಧನೆಗೆ ಬಂದ ಅಮೆರಿಕದ ಅಡೆಲ್ಬರ್ಟ್ ಏಮ್ಸ್ 1940ರ ದಶಕದಲ್ಲಿ ಕಟ್ಟಿ ತೋರಿಸಿದ ಕೋಣೆಯ ಮಾದರಿ ಅದು. ಅದರ ಹಿಂಗೋಡೆ ಓರೆಯಾಗಿದ್ದು ಒಂದು ಮೂಲೆ ಇನ್ನೊಂದಕ್ಕಿಂತ ಬಹಳ ದೂರದಲ್ಲಿರುತ್ತದೆ, ನೆಲ ಮತ್ತು ಛಾವಣಿ ಇಳಿಜಾರಾಗಿರುತ್ತವೆ. ಕಿಂಡಿಯಿಂದ ನೋಡಿದರೆ ಮಾತ್ರ ಎಲ್ಲ ಚೌಕವೆನ್ನಿಸುತ್ತದೆ. ಹುಟ್ಟಿದಾಗಿನಿಂದ ಚೌಕ ಕೋಣೆಗಳನ್ನೇ ಕಂಡ ಮೆದುಳು ಇದೂ ಚೌಕವೇ ಎಂದು ತೀರ್ಮಾನಿಸಿ, ಆ ತೀರ್ಮಾನವನ್ನು ಉಳಿಸಿಕೊಳ್ಳಲು ಮನುಷ್ಯನನ್ನೇ ಕುಗ್ಗಿಸಿಬಿಡುತ್ತದೆ. ಗೋಡೆಯನ್ನು ಸಂಶಯಿಸುವುದಕ್ಕಿಂತ ಮನುಷ್ಯನನ್ನು ಸಂಶಯಿಸುವುದು ಅದಕ್ಕೆ ಸುಲಭ.

ಇಷ್ಟೆಲ್ಲ ನಾವು ಪುಸ್ತಕಗಳಿಂದ ತಿಳಿದು ಬರೆಯುತ್ತಿರುವುದು, ಅಲ್ಲಿನ ಫಲಕದಲ್ಲಿ ಇದ್ದದ್ದಲ್ಲ. ಅಲ್ಲಿನ ಫಲಕದಲ್ಲಿ ಇಂಗ್ಲಿಷಿನಲ್ಲಿ ‘ಬೆರಗಾಗಿ’ ಎಂಬ ಅರ್ಥದ ಒಂದು ಸಾಲು, ಕೆಳಗೆ ಹ್ಯಾಶ್‌ಟ್ಯಾಗು. ಸಂಗ್ರಹಾಲಯ ಎಂಬ ಪದವನ್ನು ಇಷ್ಟು ಸಲೀಸಾಗಿ ಬಳಸಬಾರದು. ಅದೇ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1962ರಿಂದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯವಿದೆ. ನಮಗೆ ಇನ್ನೂ ಹತ್ತಿರದ ಕಲಬುರಗಿಯಲ್ಲಿ 1984ರಲ್ಲಿ ಆರಂಭವಾದ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಅಲ್ಲಿಯೂ ಗುಂಡಿ ಒತ್ತಿ, ಹಿಡಿ ತಿರುಗಿಸಿ, ಕನ್ನಡಿ ನೋಡಿ ಮಕ್ಕಳು ನಗುತ್ತಾರೆ. ಬಣ್ಣ ಅಷ್ಟು ಝಗಮಗ ಇರುವುದಿಲ್ಲ, ಒಮ್ಮೊಮ್ಮೆ ಗುಂಡಿ ಕೆಟ್ಟಿರುತ್ತದೆ, ಒಪ್ಪುತ್ತೇವೆ. ಆದರೆ ಪಕ್ಕದಲ್ಲಿ ‘ಹೀಗಾಗಲು ಕಾರಣ’ ಎಂದು ಕನ್ನಡದಲ್ಲಿ ನಾಲ್ಕು ಸಾಲು ಓದಲು ಸಿಗುತ್ತದೆ. ಆ ನಾಲ್ಕು ಸಾಲಿಗಾಗಿಯೇ ಅದು ಸಂಗ್ರಹಾಲಯ.

ನಾವು ನೋಡಿದ ಜಾಗದಲ್ಲಿ ಇಬ್ನುಲ್ ಹೈಸಮರ ಹೆಸರೂ ಇರಲಿಲ್ಲ ಎಂಬುದು ಇನ್ನೊಂದು ಬೇಸರ. ಇದನ್ನು ‘ನಮ್ಮವರು’ ಎಂಬ ಅಭಿಮಾನದಿಂದ ಹೇಳುತ್ತಿಲ್ಲ. ಎಲ್ಲ ವಿಜ್ಞಾನವೂ ಮೊದಲು ನಮ್ಮಲ್ಲೇ ಇತ್ತೆಂದು ಎದೆ ತಟ್ಟಿಕೊಳ್ಳುವ ಚಟ ಎಲ್ಲ ಸಮುದಾಯಗಳಲ್ಲೂ ಇದೆ, ನಮ್ಮಲ್ಲಿ ಸ್ವಲ್ಪ ಜಾಸ್ತಿಯೇ ಇರಬಹುದು. ಆದರೆ ಕಣ್ಣಿನ ತಪ್ಪುಗಳನ್ನೇ ವಿಷಯವಾಗಿಸಿಕೊಂಡ ಮನೆಯಲ್ಲಿ ಅವುಗಳನ್ನು ಸಾವಿರ ವರ್ಷದ ಹಿಂದೆ ವಿಂಗಡಿಸಿ ಬರೆದವರ ಹೆಸರು ಇರಬೇಕಲ್ಲವೇ? ಬಸರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಅವರ ‘ಕಿತಾಬುಲ್ ಮನಾಝಿರ್’ ಏಳು ಭಾಗಗಳ ಗ್ರಂಥ. ಅದರ ಮೂರನೆಯ ಭಾಗ ದೃಷ್ಟಿಯ ದೋಷಗಳಿಗೇ ಮೀಸಲು. ಬೆಳಕು ಕಣ್ಣಿನಿಂದ ಹೊರಡುವುದಿಲ್ಲ, ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ವಾದಿಸಿದ ಅವರು ಅಲ್ಲಿಗೇ ನಿಲ್ಲಲಿಲ್ಲ. ನಾವು ‘ಕಂಡೆ’ ಎನ್ನುವುದರಲ್ಲಿ ಬಹುಪಾಲು ಮನಸ್ಸು ಕ್ಷಣಾರ್ಧದಲ್ಲಿ ಮಾಡಿದ ಊಹೆ, ಅದು ಎಷ್ಟು ಬೇಗ ನಡೆಯುತ್ತದೆಂದರೆ ಊಹಿಸಿದೆವೆಂಬುದೇ ನಮಗೆ ತಿಳಿಯುವುದಿಲ್ಲ ಎಂದು ತೋರಿಸಿಕೊಟ್ಟರು. ದಿಗಂತದ ಚಂದ್ರ ಯಾಕೆ ದೊಡ್ಡದಾಗಿ ಕಾಣುತ್ತದೆ ಎಂಬುದನ್ನೂ ಚರ್ಚಿಸಿದರು. ಅವರ ಗ್ರಂಥದ ಸಾವಿರ ವರ್ಷದ ನೆನಪು 2015ರಲ್ಲಿ ವಿಶ್ವಸಂಸ್ಥೆಯ ಬೆಳಕಿನ ವರ್ಷಾಚರಣೆಯ ಭಾಗವಾಗಿತ್ತು. ಸಣ್ಣ ಕಿಂಡಿಯಿಂದ ಕತ್ತಲ ಕೋಣೆಗೆ ಬೀಳುವ ಬೆಳಕನ್ನು ಅವರು ಪರೀಕ್ಷಿಸಿದ್ದರು. ಅಂಥ ಕೋಣೆಯನ್ನು ನೋಡಬೇಕೆಂದರೆ ನಮ್ಮ ಕಡೆಯವರು ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಹಂಪಿಯ ವಿರೂಪಾಕ್ಷ ದೇಗುಲದ ಹಿಂಬದಿಯ ಕೋಣೆಯಲ್ಲಿ ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಯಾರೂ ಪೋಸು ಕೊಡಬೇಕಿಲ್ಲ.

ಭ್ರಮೆ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಕುರ್‌ಆನಿನಲ್ಲಿಯೇ ಒಂದು ಭ್ರಮೆಯ ಪ್ರಸಂಗವಿದೆ. ಅನ್ನಮ್ಲ್ ಅಧ್ಯಾಯದಲ್ಲಿ (27:44) ಸಬಾದ ರಾಣಿ ಪ್ರವಾದಿ ಸುಲೈಮಾನರ(ಅ) ಅರಮನೆಯನ್ನು ಪ್ರವೇಶಿಸುವಾಗ ಗಾಜಿನ ನೆಲವನ್ನು ನೀರೆಂದು ಭಾವಿಸಿ ಉಡುಪನ್ನು ಮೇಲೆತ್ತಿಕೊಳ್ಳುತ್ತಾಳೆ. ಮಹಾಭಾರತದಲ್ಲಿಯೂ ಹೆಚ್ಚುಕಡಿಮೆ ಅದೇ ನೆಲವಿದೆ. ಮಯ ಕಟ್ಟಿದ ಸಭೆಯಲ್ಲಿ ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಬಟ್ಟೆ ಎತ್ತಿಕೊಳ್ಳುತ್ತಾನೆ, ಬಳಿಕ ನೀರನ್ನು ನೆಲವೆಂದು ತಿಳಿದು ಬೀಳುತ್ತಾನೆ. ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತಪ್ಪು ಒಂದೇ. ಸುಲೈಮಾನರು(ಅ) ರಾಣಿಗೆ ತಕ್ಷಣ ತಿಳಿಸುತ್ತಾರೆ, ಇದು ನೀರಲ್ಲ, ಗಾಜು ಹಾಸಿದ ಅರಮನೆ ಎಂದು. ಆಕೆ ತನ್ನ ಕಣ್ಣು ಎಡವಿದ್ದನ್ನು ಕಂಡವಳು, ಅದಕ್ಕಿಂತ ದೊಡ್ಡದೊಂದು ಎಡವಟ್ಟನ್ನೂ ಅಲ್ಲಿಯೇ ಒಪ್ಪಿಕೊಳ್ಳುತ್ತಾಳೆ. ಇತ್ತ ಇಂದ್ರಪ್ರಸ್ಥದಲ್ಲಿ ಬಿದ್ದವನನ್ನು ನೋಡಿ ನಕ್ಕರು. ಆ ನಗೆ ಜೂಜಿಗೂ ಕುರುಕ್ಷೇತ್ರಕ್ಕೂ ಹೋಗಿ ಮುಟ್ಟಿತು. ನಾವು ಹೋಗಿದ್ದ ಮ್ಯೂಸಿಯಂ ಯಾವ ಅರಮನೆಯ ಕಡೆಗಿದೆಯೆಂದು ಕೇಳಿದರೆ, ಅಲ್ಲಿ ನೆಲವಿದೆ, ನಗೆಯಿದೆ, ಹೇಳುವವರಿಲ್ಲ.

ಹೇಳುವ ಭಾಗವನ್ನು ಕತ್ತರಿಸಿದರೆ ಏನಾಗುತ್ತದೆಂಬುದು ನಮ್ಮ ಭಾಗದವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಒಂದು ಕಿರುಚಿತ್ರ ಮಾಡಿದ್ದರು. ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಯಲ್ಲಿ ಮರಳಿ ಬಂದು ಮಗುವನ್ನು ಬಿಟ್ಟು, ಮಗುವನ್ನು ಅಪಹರಿಸಲು ಒಂದು ಗಳಿಗೆ ಸಾಕು ಎಂಬರ್ಥದ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಉಳಿದ ತುಣುಕು 2018ರ ಹೊತ್ತಿಗೆ ಭಾರತದ ಉದ್ದಗಲಕ್ಕೂ ಮಕ್ಕಳ ಕಳ್ಳರ ‘ಸಾಕ್ಷಿ’ಯಾಗಿ ಹರಿದಾಡಿತು. ಅದೇ ವರ್ಷ ಜುಲೈಯಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಸ್ನೇಹಿತರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಕಂಡದ್ದು ಅಷ್ಟೇ. ಉಳಿದದ್ದನ್ನು ಜನರ ಮನಸ್ಸು ತುಂಬಿಕೊಂಡಿತು, ವಾಟ್ಸಾಪ್ ಅದನ್ನು ಅವರ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮಕ್ಕೆ ತಲುಪಿಸಿತು. ಆ ಸ್ನೇಹಿತರಲ್ಲಿ ಒಬ್ಬ, ಯುವ ಸಾಫ್ಟ್‌ವೇರ್ ಎಂಜಿನಿಯರ್, ಜನರ ಹೊಡೆತಕ್ಕೆ ಸತ್ತ. ಓರೆ ಗೋಡೆಯನ್ನು ಸಂಶಯಿಸದೆ ಮನುಷ್ಯನನ್ನು ಕುಗ್ಗಿಸುವ ಏಮ್ಸ್ ಕೋಣೆ ನಮಗೆ ಆಟಿಕೆಯಂತೆ ಕಾಣದಿರುವುದು ಇದಕ್ಕೇ. ಟೋಪಿ, ಗಡ್ಡ, ಬುರ್ಖಾ ಕಂಡೊಡನೆ ಊಹೆ ಮುಗಿಸಿಬಿಡುವ ಕಣ್ಣುಗಳನ್ನು ನಾವು ಬಸ್ಸಿನಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ ದಿನವೂ ಎದುರಿಸುತ್ತೇವೆ. ನಮ್ಮ ಕಣ್ಣುಗಳೂ ಬೇರೆಯವರ ಬಗ್ಗೆ ಅಷ್ಟೇ ಅವಸರದಲ್ಲಿ ಊಹಿಸುತ್ತವೆ. ಈಗಂತೂ ಕಂಪ್ಯೂಟರಿಗೆ ಎರಡು ಸಾಲು ಹೇಳಿದರೆ ನಡೆಯದ ಘಟನೆಯ ವಿಡಿಯೋ ತಯಾರಾಗುತ್ತದೆ. ಕಣ್ಣು ಹೇಗೆ ಸೋಲುತ್ತದೆಂದು ಮಕ್ಕಳಿಗೆ ಕಲಿಸಲು ಇಂಥ ಮನೆಗಳಿಗಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಅದಕ್ಕೆ ದೊಡ್ಡ ಖರ್ಚೂ ಬೇಕಿಲ್ಲ. ಪ್ರತಿ ಚಿತ್ರದ ಪಕ್ಕ ಅದನ್ನು ಓರೆಯಿಂದ ತೆಗೆದ ಒಂದು ಫೋಟೋ ಹಾಕಿದರೆ ಸಾಕು, ಉದ್ದಕ್ಕೆ ಎಳೆದ ಮೊಸಳೆ ಹೇಗಿದೆಯೆಂದು ಗೊತ್ತಾಗುತ್ತದೆ. ಕೋಣೆಯ ಪಕ್ಕದ ಗೋಡೆಗೆ ಇನ್ನೊಂದು ಕಿಂಡಿ ಕೊರೆದರೆ ಸಾಕು. ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಮ್ಮಿನಲ್ಲಿ ಒಂದೇ ಮರದಿಂದ ಕೆತ್ತಿದ ಜೋಡಿ ಪ್ರತಿಮೆಯಿದೆ. ಮುಂದಿನಿಂದ ಸೊಕ್ಕಿನ ಮೆಫಿಸ್ಟೋಫಿಲಿಸ್, ಹಿಂದಿನಿಂದ ತಲೆ ಬಾಗಿದ ಮಾರ್ಗರೆಟಾ. ಹಿಂದೆ ಒಂದು ಕನ್ನಡಿ ನಿಲ್ಲಿಸಿದ್ದಾರೆ, ನಿಂತಲ್ಲಿಂದಲೇ ಎರಡೂ ಬದಿ ಕಾಣುತ್ತವೆ. ಇಲ್ಲಿಯೂ ಕನ್ನಡಿಗಳಿಗೆ ಬರವಿರಲಿಲ್ಲ, ಆದರೆ ಅವೆಲ್ಲ ನಮ್ಮ ಮುಖಕ್ಕೇ ತಿರುಗಿದ್ದವು.

ಊರಿಗೆ ಮರಳಿದ ದಿನ ರಾಯಚೂರಿನಿಂದ ಮಟಮಾರಿಗೆ ಬರುವ ರಸ್ತೆಯಲ್ಲಿ ನಡು ಮಧ್ಯಾಹ್ನ. ಮುಂದೆ ಡಾಂಬರಿನ ಮೇಲೆ ನೀರು ನಿಂತಂತೆ ಹೊಳೆಯುತ್ತಿತ್ತು, ಹತ್ತಿರ ಹೋದಂತೆ ದೂರ ಸರಿಯುತ್ತಿತ್ತು. ಚಿಕ್ಕವಳು ಬಿಸಿಲ್ಗುದುರೆಯನ್ನು ಇದಕ್ಕೂ ಮುಂಚೆ ನೂರು ಸಲ ನೋಡಿದ್ದಾಳೆ. ಈ ಸಲ ಅದು ಯಾತರ ನೀರು ಎಂದು ಕೇಳಿದಳು. ಕಾದ ರಸ್ತೆಯ ಮೇಲಿನ ಬಿಸಿ ಗಾಳಿಯಲ್ಲಿ ಬೆಳಕು ಬಾಗಿ ಆಕಾಶವೇ ನೆಲದಲ್ಲಿ ಕಾಣುತ್ತದೆ ಎಂದೆವು. ‘ಅಂದ್ರ ಅದು ಆಕಾಶ’ ಎಂದು ಸುಮ್ಮನಾದಳು.

ಮನೆಯಲ್ಲಿ ನಾನಿ ಮೊದಲು ಅವಳ ಕಾಲು ಮುಟ್ಟಿ ನೋಡಿದರು. ಆಮೇಲೆ ಬೈಗುಳ. ‘ಇದು ಬರೇ ಚಿತ್ರ ಅಂತ ಅದರ ಕೆಳಗ ಬರೀಬೇಕಿತ್ತಲ್ಲ? ನಮ್ಮಂಥೋರು ಎದಿ ಒಡಕೊಂಡು ಸಾಯಬೇಕೇನು?’ ಚಿಕ್ಕವಳು ಮೊಬೈಲು ಕಸಿದುಕೊಂಡು ಬರೆಯಲು ಹೊರಟಳು. ದೊಡ್ಡವನು ಬಿಡಲಿಲ್ಲ. ‘ಹೇಳಿದ್ರ ಮಜಾ ಎಲ್ಲಿ ಉಳೀತದ?’ ಎಂದ. ಆ ಜಗಳ ಇನ್ನೂ ನಡೆದಿದೆ.