ಕೊರಿಯಾದ ರುಚಿ ಗುಡಾಣದಲ್ಲಿದೆ

ಸೋಲ್ ನಗರಕ್ಕೆ ಇಳಿದ ಪ್ರವಾಸಿಗರ ಮೊದಲ ರಾತ್ರಿಯ ಊಟ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ. ಮೇಜಿನ ನಡುವೆ ಕೆಂಡ, ಅದರ ಮೇಲೆ ಹಂದಿಮಾಂಸ, ಪಕ್ಕದಲ್ಲಿ ಹಸಿರು ಬಾಟಲಿಯ ಸೋಜು. ಧಾರಾವಾಹಿಗಳಲ್ಲಿ ನೋಡಿದ್ದನ್ನು ಖುದ್ದಾಗಿ ಕೂತು ಉಣ್ಣುವ ಖುಷಿ ದೊಡ್ಡದು, ಅದನ್ನು ಬೇಡ ಎನ್ನಲಾರೆ. ಆದರೆ ಆ ನಾಡಿನ ಹಳೆಯ ರುಚಿ ಬೇಕೆನ್ನುವವರು ಎರಡನೇ ಸಂಜೆಯನ್ನಾದರೂ ಮಕ್ಕೊಲ್ಲಿಗೆ ಮೀಸಲಿಡಬೇಕು. ಹಾಲುಬಿಳುಪಿನ, ತುಸು ಸಿಹಿ, ತುಸು ಹುಳಿ, ನಾಲಿಗೆಯ ಮೇಲೆ ಸಣ್ಣಗೆ ಚುರುಗುಟ್ಟುವ ಈ ಅಕ್ಕಿಯ ಹೆಂಡ ಕೊರಿಯಾದ ರೈತರ ಪಾನೀಯ. ನಾಟಿ, ಕೊಯ್ಲುಗಳ ನಡುವೆ ಗದ್ದೆಯ ಬದುವಿನಲ್ಲಿ ಕೂತು ಕುಡಿಯುತ್ತಿದ್ದದ್ದು. ಇದನ್ನು ಅರಿತವರಿಗೆ ಅಲ್ಲಿನ ಅಡುಗೆಮನೆಯ ಬಾಗಿಲು ತಾನಾಗಿ ತೆರೆಯುತ್ತದೆ.

ಸಾಮಗ್ರಿ ಮೂರೇ: ಹಬೆಯಲ್ಲಿ ಬೇಯಿಸಿ ಆರಿಸಿದ ಅಕ್ಕಿ, ನೀರು, ನುರುಕ್. ಕಸುಬಿನ ಗುಟ್ಟೆಲ್ಲ ನುರುಕ್‌ನಲ್ಲಿದೆ. ತರಿತರಿಯಾಗಿ ಒಡೆದ ಗೋಧಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿ, ಒತ್ತಿ ಬಿಲ್ಲೆ ಮಾಡಿ ಬೆಚ್ಚಗಿನ ಕೋಣೆಯಲ್ಲಿ ವಾರಗಟ್ಟಲೆ ಬಿಡುತ್ತಾರೆ. ಸುತ್ತಲಿನ ಗಾಳಿಯಲ್ಲಿರುವ ಬೂಷ್ಟು, ಯೀಸ್ಟ್, ಬ್ಯಾಕ್ಟೀರಿಯಾಗಳು ಬಂದು ಅದರಲ್ಲಿ ನೆಲೆಸುತ್ತವೆ. ಜಪಾನಿನ ಸಾಕೆಗೆ ಬಳಸುವ ಕೋಜಿಯಲ್ಲಿ ಆಯ್ದು ಬೆಳೆಸಿದ ಬೂಷ್ಟಿನದೇ ಕಾರುಬಾರು. ನುರುಕ್‌ನಲ್ಲಿ ಹಲವು ಜೀವಿಗಳು ಒಟ್ಟಿಗೆ ದುಡಿಯುತ್ತವೆ, ಊರು ಬದಲಾದರೆ ಕೂಟವೂ ಬದಲಾಗುತ್ತದೆ. ಬೂಷ್ಟು ಅಕ್ಕಿಯ ಪಿಷ್ಟವನ್ನು ಸಕ್ಕರೆ ಮಾಡುತ್ತಿರುವಾಗಲೇ, ಅದೇ ಗುಡಾಣದಲ್ಲಿ ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತದೆ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ಕೂಡಿಸುತ್ತದೆ. ಒಳ್ಳೆಯ ಮಕ್ಕೊಲ್ಲಿಯಲ್ಲಿ ಈ ಮೂರೂ ಕೆಲಸ ನಾಲಿಗೆಗೆ ತಿಳಿಯುತ್ತವೆ.

ಒಂದೇ ಗುಡಾಣದಿಂದ ಮೂರು ಪಾನೀಯ ಹುಟ್ಟುತ್ತವೆ. ಮೇಲೆ ನಿಂತ ತಿಳಿಯನ್ನು ಬಸಿದರೆ ಚೊಂಗ್‌ಜು. ಹಿರಿಯರಿಗೆ ಎಡೆ ಇಡುವಾಗಲೂ ಅನುಕೂಲಸ್ಥರ ಮನೆಯ ಔತಣಗಳಲ್ಲೂ ಅದೇ ಸಲ್ಲುತ್ತಿತ್ತು. ಕೆಳಗೆ ಉಳಿದ ಗಸಿಗೆ ನೀರು ಬೆರೆಸಿ ಸೋಸಿದರೆ ಮಕ್ಕೊಲ್ಲಿ. ಅದರ ಮದ್ಯಾಂಶ ಸಾಮಾನ್ಯವಾಗಿ ಶೇ 6ರಿಂದ 8. ಹುದುಗನ್ನು ಭಟ್ಟಿಗೆ ಹಾಕಿ ಇಳಿಸಿದರೆ ಸೋಜು. ಭಟ್ಟಿಯ ವಿದ್ಯೆ ಕೊರಿಯಾಕ್ಕೆ ಬಂದದ್ದು 13ನೇ ಶತಮಾನದಲ್ಲಿ, ಮಂಗೋಲರ ಜೊತೆ. ಆಂದೊಂಗ್ ಊರಿನ ಸೋಜು ಇಂದಿಗೂ ಶೇ 45ರ ಖಡಕ್ಕಿನದು, ಅಕ್ಕಿಯ ಘಮ ಗಂಟಲಿನವರೆಗೂ ಉಳಿಯುತ್ತದೆ. ಹಸಿರು ಬಾಟಲಿಯದು ಈ ವಂಶಕ್ಕೆ ಸೇರಿದ್ದಲ್ಲ. ಮರಗೆಣಸು, ಸಿಹಿಗೆಣಸು, ಧಾನ್ಯಗಳಿಂದ ಕಾರ್ಖಾನೆಯಲ್ಲಿ ತೆಗೆದ ಮದ್ಯಸಾರಕ್ಕೆ ನೀರು, ಸಿಹಿಕಾರಕ ಬೆರೆಸಿದ್ದು ಅದು.

ಹಾಗಾದರೆ ಅಂಥದ್ದು ಇಡೀ ದೇಶವನ್ನು ಆವರಿಸಿದ್ದು ಹೇಗೆ? ಜಪಾನಿನ ಹಿಡಿತ ಬಿಗಿಯಾಗುತ್ತಿದ್ದ 1909ರಲ್ಲಿ ಮದ್ಯ ತೆರಿಗೆಯ ಕಾನೂನು ಬಂತು. 1916ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು, 1934ರ ಹೊತ್ತಿಗೆ ಮನೆಯಲ್ಲಿ ಹೆಂಡ ಹಾಕುವ ಪರವಾನಗಿಯೇ ನಿಂತುಹೋಯಿತು. ಅಲ್ಲಿಯವರೆಗೆ ಮನೆಮನೆಗೂ ತನ್ನದೇ ಪಾಕವಿತ್ತು, ಅತ್ತೆಯಿಂದ ಸೊಸೆಗೆ ಕೈದಾಟುತ್ತಿತ್ತು. ಅದು ಕಳ್ಳ ಹೆಂಡವಾಯಿತು, ಕ್ರಮೇಣ ಮರೆತೂಹೋಯಿತು. ಸ್ವಾತಂತ್ರ್ಯ ಬಂದ ಮೇಲೂ ಕಷ್ಟ ತಪ್ಪಲಿಲ್ಲ. ಯುದ್ಧದಿಂದ ಬಡವಾದ ದೇಶದಲ್ಲಿ ಉಣ್ಣಲು ಅಕ್ಕಿ ಸಾಲದೆಂದು 1965ರಲ್ಲಿ ಸರ್ಕಾರ ಅಕ್ಕಿಯ ಹೆಂಡವನ್ನೇ ನಿಷೇಧಿಸಿತು. ಮಕ್ಕೊಲ್ಲಿಯನ್ನು ಗೋಧಿಹಿಟ್ಟಿನಿಂದ ಮಾಡಿದರು. ಧಾನ್ಯದ ಸೋಜು ಹಿಂದೆ ಸರಿದು ಹಸಿರು ಬಾಟಲಿಗೆ ದಾರಿಯಾಯಿತು. ಅಕ್ಕಿಯ ನಿರ್ಬಂಧ ಪೂರ್ತಿ ಸಡಿಲಗೊಂಡು ಅಕ್ಕಿ ಮಕ್ಕೊಲ್ಲಿ ಮರಳಿದ್ದು 1990ರ ಹೊತ್ತಿಗೆ, ಮನೆಯಲ್ಲಿ ಮಾಡಲು ಅನುಮತಿ ಸಿಕ್ಕಿದ್ದು 1995ರಲ್ಲಿ. 2021ರಲ್ಲಿ ದಕ್ಷಿಣ ಕೊರಿಯಾ ಮಕ್ಕೊಲ್ಲಿ ಮಾಡುವ ಕಲೆಯನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಸಣ್ಣ ಸಣ್ಣ ಮದ್ಯಶಾಲೆಗಳಲ್ಲಿ ಹಳೆಯ ಪಾಕಗಳನ್ನು ಹುಡುಕಿ ಮತ್ತೆ ಗುಡಾಣ ಹೂಡುತ್ತಿರುವ ಯುವಕ ಯುವತಿಯರನ್ನು ಕಂಡರೆ ಮನಸ್ಸು ತುಂಬುತ್ತದೆ. ಕಳೆದುಹೋದದ್ದನ್ನು ಇಷ್ಟು ಶ್ರದ್ಧೆಯಿಂದ ಮರಳಿ ಪಡೆಯುವುದು ಎಲ್ಲ ಸಮಾಜಗಳಿಗೂ ಸಾಧ್ಯವಾಗುವುದಿಲ್ಲ.

ಎಲ್ಲಿ ಕುಡಿಯಬೇಕು? ನನ್ನ ಮೊದಲ ಮತ ಬೂಸಾನ್ ನಗರದ ಅಂಚಿನ ಕುಮ್‌ಜೊಂಗ್ ಬೆಟ್ಟಕ್ಕೆ. ಬೆಟ್ಟದ ಕೋಟೆಯೊಳಗೆ ಹಳ್ಳಿಯಿದೆ. ಅಲ್ಲಿನ ಹೆಂಗಸರು ಇಂದಿಗೂ ನುರುಕ್ ಬಿಲ್ಲೆಗಳನ್ನು ಕಾಲಿನಿಂದ ತುಳಿದೇ ಮಾಡುತ್ತಾರೆ. ತುಳಿದ ಬಿಲ್ಲೆ ಅಂಚಿನಲ್ಲಿ ದಪ್ಪ, ನಡುವೆ ತೆಳು. 1979ರಲ್ಲಿ ಈ ಊರಿನ ಮಕ್ಕೊಲ್ಲಿಗೆ ದೇಶದ ಮೊದಲ ಜಾನಪದ ಮದ್ಯವೆಂಬ ಮನ್ನಣೆ ಸಿಕ್ಕಿತು. ಶೇ 8ರ ಮದ್ಯಾಂಶ, ಎದ್ದು ಕಾಣುವ ಹುಳಿ, ಧಾನ್ಯದ ಗಾಢ ವಾಸನೆ. ಪೇಟೆಯ ಸಿಹಿ ಮಕ್ಕೊಲ್ಲಿಗೆ ಒಗ್ಗಿದವರು ಮೊದಲ ಗುಟುಕಿಗೆ ಮುಖ ಕಿವುಚಬಹುದು. ಬಟ್ಟಲು ಮುಗಿಸಿ, ಆಮೇಲೆ ಅಭಿಪ್ರಾಯ ಹೇಳಿ.

ಎರಡನೆಯದು ಜೊಂಜು. 2012ರಲ್ಲಿ ಯುನೆಸ್ಕೊದಿಂದ ಆಹಾರ ಸಂಸ್ಕೃತಿಯ ನಗರವೆಂದು ಹೆಸರಾದ ಈ ಊರಿನ ಸಮ್‌ಚೊನ್ ಬಡಾವಣೆಯಲ್ಲಿ ಮಕ್ಕೊಲ್ಲಿಯ ಓಣಿಯೇ ಇದೆ. ಇಲ್ಲಿ ತಿಂಡಿಯನ್ನು ಬೇರೆಯಾಗಿ ಹೇಳಬೇಕಿಲ್ಲ. ಒಂದು ಕೆಟಲ್ ಮಕ್ಕೊಲ್ಲಿ ಹೇಳಿದರೆ ಮೇಜಿನ ತುಂಬ ತಟ್ಟೆಗಳು ಬರುತ್ತವೆ: ತೋಫು, ಕಿಮ್ಚಿ, ಮೀನು, ಸೊಪ್ಪಿನ ಪಲ್ಯಗಳು, ಬೋಂಡಾಗಾತ್ರದ ವಡೆಗಳು. ಮತ್ತೊಂದು ಕೆಟಲ್ ಹೇಳಿದರೆ ಇನ್ನಷ್ಟು ಬೇರೆ ತಟ್ಟೆಗಳು. ಖಾಲಿ ಹೊಟ್ಟೆಯಲ್ಲಿ ಕುಡಿಯುವುದು ಕೊರಿಯಾದ ಕ್ರಮವಲ್ಲ. ಕುಡಿತದ ಜೊತೆ ನೆಂಚಿಕೊಳ್ಳುವ ಆನ್‌ಜು ಇರಲೇಬೇಕು. ಮರುದಿನ ಬೆಳಿಗ್ಗೆ ಅದೇ ಊರಿನ ಸೋಯಾ ಮೊಳಕೆಯ ಬಿಸಿ ಸಾರನ್ನ, ಜೊತೆಗೆ ಒಂದು ಲೋಟ ಮೋಜು. ಮಕ್ಕೊಲ್ಲಿಗೆ ಶುಂಠಿ, ಚಕ್ಕೆ, ಜುಜುಬೆ ಹಣ್ಣು ಹಾಕಿ ಮದ್ಯಾಂಶ ಹೆಚ್ಚುಕಡಿಮೆ ಆರುವವರೆಗೆ ಕುದಿಸಿದ್ದು ಅದು. ಹೊಟ್ಟೆಗೆ ಹಿತ.

ಸೋಲ್ ಬಿಟ್ಟು ಹೋಗಲು ಪುರುಸೊತ್ತಿಲ್ಲದವರಿಗೆ 1905ರಷ್ಟು ಹಳೆಯ ಕ್ವಾಂಗ್‌ಜಾಂಗ್ ಮಾರುಕಟ್ಟೆ ಇದೆ. ನೆನೆಸಿದ ಹೆಸರುಬೇಳೆಯನ್ನು ಕಣ್ಣೆದುರೇ ಬೀಸುಕಲ್ಲಿನಲ್ಲಿ ರುಬ್ಬಿ, ಮೊಳಕೆ ಕಾಳು ಬೆರೆಸಿ, ಎಣ್ಣೆಯಲ್ಲಿ ಗರಿಗರಿಯಾಗಿ ಕರಿಯುವ ಬಿಂದೆತ್ತೊಕ್ ಅಲ್ಲಿನ ಹೆಗ್ಗಳಿಕೆ. ಈರುಳ್ಳಿ ಹಾಕಿದ ಸೋಯಾ ಸಾಸ್‌ನಲ್ಲಿ ಅದ್ದಿ ತಿಂದು, ಮೇಲೆ ತಣ್ಣನೆಯ ಮಕ್ಕೊಲ್ಲಿ ಕುಡಿದರೆ ಎಣ್ಣೆಯ ಜಿಡ್ಡು ಹುಳಿಗೆ ಕರಗುತ್ತದೆ. ಮಳೆ ಬಂದರೆ ಕೊರಿಯನ್ನರು ನೆನೆಯುವುದು ಇಂಥದ್ದೇ ಜೋಡಿಯನ್ನು: ಎಳೆ ಈರುಳ್ಳಿಯ ಪಜೊನ್ ಮತ್ತು ಮಕ್ಕೊಲ್ಲಿ.

ಮೇಜಿನ ಮೇಲೆ ಬಂದ ಪ್ರತಿ ತಟ್ಟೆಯ ಹಿಂದೆಯೂ ಇನ್ನೊಂದು ಗುಡಾಣವಿದೆ. ಸೋಯಾ ಕಾಳನ್ನು ಬೇಯಿಸಿ ಕುಟ್ಟಿ ಇಟ್ಟಿಗೆಯಂಥ ಮೆಜು ಮಾಡಿ, ಭತ್ತದ ಹುಲ್ಲಿನಲ್ಲಿ ಕಟ್ಟಿ ತೂಗುಹಾಕುತ್ತಾರೆ. ಹುಲ್ಲಿನ ಬ್ಯಾಕ್ಟೀರಿಯಾ ಅದಕ್ಕೆ ಇಳಿಯುತ್ತದೆ. ಚಳಿಗಾಲ ಕಳೆಯುತ್ತಿದ್ದಂತೆ ಉಪ್ಪುನೀರಿನಲ್ಲಿ ಮುಳುಗಿಸಿ, ಮೇಲೆ ಒಣಮೆಣಸಿನಕಾಯಿ, ಇದ್ದಿಲು ತೇಲಿಬಿಡುತ್ತಾರೆ. ತಿಂಗಳು ಎರಡು ತಿಂಗಳ ಬಳಿಕ ಬೇರ್ಪಡಿಸಿದರೆ ನೀರು ಕಾಂಜಾಂಗ್, ಗಟ್ಟಿ ದ್ವೆನ್‌ಜಾಂಗ್. ಮೆಣಸಿನಪುಡಿ, ಅಂಟಕ್ಕಿ, ಮೆಜು ಪುಡಿ ಕಲಸಿ ಹುದುಗಿಸಿದರೆ ಗೊಚುಜಾಂಗ್. ಜಾಂಗ್ ಎಂದು ಕರೆಯುವ ಇವೆಲ್ಲ ಬಲಿಯುವುದು ಓಂಗಿ ಎಂಬ ಮಣ್ಣಿನ ಗುಡಾಣದಲ್ಲಿ, ಅದರ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ಆಡುತ್ತದೆ. ಚಳಿಗಾಲಕ್ಕೆ ಕಿಮ್ಚಿ ಹಾಕುವ ಕಿಮ್‌ಜಾಂಗ್ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ, ಜಾಂಗ್ ಮಾಡುವ ಪದ್ಧತಿಯನ್ನು 2024ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಿಮ್ಚಿ, ಗೊಚುಜಾಂಗ್‌ಗಳ ಕೆಂಪು ಬಣ್ಣಕ್ಕೆ ಹೆದರಬೇಡಿ. ಮೆಣಸಿನಕಾಯಿ ಕೊರಿಯಾಕ್ಕೆ ಬಂದದ್ದು 16ನೇ ಶತಮಾನದ ಕೊನೆಯ ಸುಮಾರಿಗೆ. ನಮ್ಮ ಕರಾವಳಿಗೆ ಅದನ್ನು ತಂದ ಪೋರ್ಚುಗೀಸರ ಹಡಗುಗಳೇ ಪೂರ್ವ ಏಷ್ಯಾಕ್ಕೂ ಅದನ್ನು ಒಯ್ದವು. ಕೊರಿಯನ್ನರ ಮೆಣಸು ನಮ್ಮ ಬ್ಯಾಡಗಿಯ ಹಾಗೆ: ಬಣ್ಣ ಜಾಸ್ತಿ, ಖಾರ ಕಡಿಮೆ, ಒಳಗೊಳಗೇ ಸಣ್ಣ ಸಿಹಿ.

ಸಸ್ಯಾಹಾರಿಗಳಿಗೆ ಎಚ್ಚರಿಕೆಯ ಮಾತೊಂದಿದೆ. ಸೊಪ್ಪು ತರಕಾರಿಯಷ್ಟೇ ಕಾಣುವ ತಟ್ಟೆಯಲ್ಲೂ ಮೀನಿರಬಹುದು. ಕಿಮ್ಚಿಗೆ ಉಪ್ಪು ಸಿಗಡಿಯನ್ನೋ ಮೀನಿನ ರಸವನ್ನೋ ಹಾಕುವುದು ವಾಡಿಕೆ, ದ್ವೆನ್‌ಜಾಂಗ್ ಸಾರಿಗೆ ಒಣ ಬೂತಾಯಿಯಂಥ ಸಣ್ಣ ಮೀನಿನ ನೀರು, ಬಿಂದೆತ್ತೊಕ್‌ನಲ್ಲಿ ಕೆಲವೊಮ್ಮೆ ಹಂದಿಮಾಂಸ. ಕೇಳಿಯೇ ತಿನ್ನಬೇಕು. ಆದರೆ ಅವರಿಗೆಂದೇ ಕೊರಿಯಾದಲ್ಲೊಂದು ದೊಡ್ಡ ಪರಂಪರೆ ಕಾದಿದೆ: ಬೌದ್ಧ ವಿಹಾರಗಳ ಅಡುಗೆ. ಮಾಂಸ, ಮೀನು ಇಲ್ಲ. ಬೆಳ್ಳುಳ್ಳಿ, ಈರುಳ್ಳಿ ಜಾತಿಯವೂ ನಿಷಿದ್ಧ. ಆ ಐದು ನಿಷಿದ್ಧಗಳ ಪಟ್ಟಿಯಲ್ಲಿ ನಮ್ಮ ಇಂಗೂ ಸೇರಿದೆ. ಕೊರಿಯಾದಲ್ಲಿ ಬೆಳೆಯದ ಇಂಗು ಆ ಪಟ್ಟಿಗೆ ಬಂದದ್ದು ಧರ್ಮಗ್ರಂಥಗಳ ದಾರಿಯಲ್ಲಿ. ಇಷ್ಟೆಲ್ಲ ಬಿಟ್ಟ ಮೇಲೆ ರುಚಿ ಹುಟ್ಟಬೇಕಾದದ್ದು ಕಾಡುಸೊಪ್ಪು, ಅಣಬೆ, ಬೇರು ಮತ್ತು ವರ್ಷಗಟ್ಟಲೆ ಹಳೆಯ ಜಾಂಗ್‌ಗಳಿಂದ. ಬೆಗ್‌ಯಾಂಗ್ಸಾ ವಿಹಾರದ ಭಿಕ್ಷುಣಿ ಜೊಂಗ್ ಕ್ವಾನ್ ಅವರ ಅಡುಗೆಯನ್ನು 2017ರಲ್ಲಿ ನೆಟ್‌ಫ್ಲಿಕ್ಸ್‌ನ ‘ಶೆಫ್ಸ್ ಟೇಬಲ್’ ಜಗತ್ತಿಗೆ ತೋರಿಸಿತು. ಸೋಲ್‌ನ ಜೋಗ್ಯೆಸಾ ವಿಹಾರದ ಎದುರೇ ಜೋಗ್ಯೆ ಪಂಥದವರು ನಡೆಸುವ ಬಾಲು ಕೊಂಗ್‌ಯಾಂಗ್ ಎಂಬ ಊಟದ ಮನೆ ಇದೆ. ವಿಹಾರಗಳಲ್ಲೇ ತಂಗಿದರೆ ನಾಲ್ಕು ಬಟ್ಟಲಿನ ಮೌನ ಭೋಜನವನ್ನೂ ಕಾಣಬಹುದು. ಅಲ್ಲಿ ಒಂದಗುಳೂ ಉಳಿಯುವಂತಿಲ್ಲ. ಬಟ್ಟಲನ್ನು ಮೂಲಂಗಿಯ ಉಪ್ಪಿನಕಾಯಿ ಚೂರಿನಿಂದ ಉಜ್ಜಿ, ತೊಳೆದ ನೀರನ್ನೂ ಕುಡಿಯುತ್ತಾರೆ. ಹೆಂಡ ಮುಟ್ಟದವರು ಅಕ್ಕಿ ಮತ್ತು ಬಾರ್ಲಿ ಮಾಲ್ಟಿನಿಂದಾದ ಸಿಹಿ ಸಿಖ್ಯೆಯನ್ನು ಹೊರಗೆ ಎಲ್ಲಾದರೂ ಕೇಳಿ ಪಡೆಯಬಹುದು.

ಪಂಕ್ತಿಯ ಶಿಷ್ಟಾಚಾರ ಸ್ವಲ್ಪ ತಿಳಿದಿದ್ದರೆ ಅಪರಿಚಿತರೂ ಆತ್ಮೀಯರಾಗುತ್ತಾರೆ. ಹಿರಿಯರು ಚಮಚ ಎತ್ತಿದ ಮೇಲೆ ನಾವು ಎತ್ತಬೇಕು. ಅವರಿಗೆ ಸುರಿಯುವಾಗಲೂ ಅವರಿಂದ ಪಡೆಯುವಾಗಲೂ ಎರಡೂ ಕೈ. ಕುಡಿಯುವಾಗ ಮುಖ ತುಸು ಆಚೆ ತಿರುಗಿಸುವುದು ಗೌರವ. ನಮ್ಮ ಬಟ್ಟಲನ್ನು ನಾವೇ ತುಂಬಿಕೊಳ್ಳದೆ ಪಕ್ಕದವರಿಗೆ ತುಂಬಬೇಕು, ನಮ್ಮದನ್ನು ಅವರು ತುಂಬುತ್ತಾರೆ. ಚಮಚವನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಅದು ಹಿರಿಯರ ಎಡೆಯ ಕ್ರಮ. ಹಲವು ಊಟಗಳು ಇಬ್ಬರಿಗೆಂದೇ ಬರುವುದರಿಂದ ಜೊತೆಗೊಬ್ಬರು ಇರುವುದು ಒಳ್ಳೆಯದು.

ಬಾಟಲಿ ಕೊಳ್ಳುವಾಗ ಚೀಟಿ ಓದಿಸಿಕೊಳ್ಳಿ. ಅಕ್ಕಿ, ನುರುಕ್, ನೀರು ಇಷ್ಟೇ ಇದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು. ಆಸ್ಪರ್ಟೇಮ್‌ನಂಥ ಸಿಹಿ ಬೆರೆಸಿದ್ದಾದರೆ ಹುಳಿಯ ಸೊಗಸು ಅದರಡಿ ಮುಚ್ಚಿಹೋಗುತ್ತದೆ. ‘ಸೆಂಗ್’ ಎಂದಿದ್ದರೆ ಜೀವಂತ ಮಕ್ಕೊಲ್ಲಿ. ಅದರೊಳಗೆ ಹುದುಗು ನಡೆಯುತ್ತಲೇ ಇರುತ್ತದೆ, ಅನಿಲ ಹೊರಹೋಗಲು ಬಿರಡೆಯನ್ನು ಸಡಿಲ ಬಿಟ್ಟಿರುತ್ತಾರೆ. ಅಡ್ಡ ಮಲಗಿಸಿದರೆ ಸೋರುತ್ತದೆ. ತಣ್ಣಗಿಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು. ದೂರದ ದೇಶಗಳಿಗೆ ಹೋಗುವ ಬಾಟಲಿಗಳಲ್ಲಿ ಹೆಚ್ಚಿನವು ಕಾಯಿಸಿ ಜೀವ ತೆಗೆದಂಥವು, ರುಚಿಯೂ ಅರ್ಧ. ಆದ್ದರಿಂದ ಊರಿಗೆ ತರುವ ಆಸೆ ಬಿಡಿ. ಸೂಟ್‌ಕೇಸಿನಲ್ಲಿ ಒಳ್ಳೆಯ ದ್ವೆನ್‌ಜಾಂಗ್ ತನ್ನಿ, ಆಂದೊಂಗ್ ಸೋಜು ತನ್ನಿ. ಮಕ್ಕೊಲ್ಲಿಯನ್ನು ಮಾತ್ರ ಅದು ಹುಟ್ಟಿದ ಊರಲ್ಲೇ, ಮಾಡಿದವರ ಎದುರೇ ಕುಡಿದು ಬನ್ನಿ. ನೀವು ಅಲ್ಲಿ ಕೊಡುವ ಹಣ ಹಳೆಯ ಗುಡಾಣವನ್ನು ಮತ್ತೆ ಹೂಡಿದ ಒಂದು ಸಣ್ಣ ಮದ್ಯಶಾಲೆಯನ್ನು ಉಳಿಸುತ್ತದೆ.