ಮೊದಲ ಪುಟದಲ್ಲೇ ನಿಂತ ಕಥೆ

ನನ್ನ ಟ್ರಂಕಿನ ತಳದಲ್ಲಿ ಒಂದು ಕಥೆ ಹನ್ನೊಂದು ವರ್ಷ ಮಲಗಿತ್ತು. ಹದಿನಾರನೇ ವಯಸ್ಸಿಗೇ ವಿಧವೆಯಾದ ನಮ್ಮ ಸೋದರತ್ತೆಯ ಬಾಳೇ ಅದರ ವಸ್ತು. ಮೊದಲ ಪುಟವನ್ನು ಎಷ್ಟು ಬಾರಿ ಬರೆದು ಹರಿದೆನೋ! “ನನ್ನ ಕಥೆ ಎಲ್ಲಿಗೆ ಬಂತೇ?” ಎಂದು ಅತ್ತೆ ಕೇಳಿದಾಗಲೆಲ್ಲ, “ಇನ್ನೂ ಚೆನ್ನಾಗಿ ಆಗಬೇಕು ಅತ್ತೆ” ಎನ್ನುತ್ತಿದ್ದೆ. ಅವರ ಕಣ್ಣು ಮಂಜಾಯಿತು, ಕಿವಿ ಮಂದವಾಯಿತು. ಕಥೆ ಮಾತ್ರ ಮೊದಲ ಪುಟ ದಾಟಲಿಲ್ಲ.

ಕಳೆದ ಮಳೆಗಾಲದಲ್ಲಿ ಕೊಡಗಿನ ಗೌರಮ್ಮನವರ ಕಥೆಗಳನ್ನು ಮತ್ತೆ ಓದಿದೆ. 1912ರಲ್ಲಿ ಹುಟ್ಟಿದ ಅವರು 1939ರಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ದೊರೆತದ್ದು ಬರೇ 27 ವರ್ಷ. ಕಾಫಿ ತೋಟದ ಮನೆಯಲ್ಲಿ ಸಂಸಾರ, ಮಗು, ಅದರ ನಡುವೆ ಬರವಣಿಗೆ. ‘ಕಂಬನಿ’, ‘ಚಿಗುರು’ ಎರಡೂ ಸಂಕಲನಗಳು ಅಚ್ಚಾದದ್ದು ಅವರು ಹೋದ ಮೇಲೆ.

ಕುಂದು ಹುಡುಕಿದರೆ ಸಿಗುತ್ತದೆ. ಕೆಲವು ಕಥೆಗಳು ಅವಸರದಲ್ಲಿ ಮುಗಿಯುತ್ತವೆ. ಕೆಲವೆಡೆ ಆಕಸ್ಮಿಕಗಳೇ ಕಥೆಯನ್ನು ಎಳೆದೊಯ್ಯುತ್ತವೆ. ಆದರೆ ‘ವಾಣಿಯ ಸಮಸ್ಯೆ’ಯನ್ನು ನೋಡಿ. ಡಾಕ್ಟರ ಹೆಂಡತಿ ವಾಣಿ, ಅವಳ ನೆರೆಮನೆಯ ಎಳೆಯ ವಿಧವೆ ಇಂದು. ವಿಧವೆಗೂ ಒಂದು ಮನಸ್ಸಿದೆ, ಆಸೆಯಿದೆ ಎಂಬುದನ್ನು ಆ ಕಾಲದಲ್ಲಿ ಬೈಗುಳವಿಲ್ಲದೆ, ಉಪದೇಶವಿಲ್ಲದೆ ಹೇಳಿದ ಧೈರ್ಯ ಎಂಥದ್ದು! ಮೂವರಲ್ಲಿ ಯಾರನ್ನೂ ಅವರು ಕೆಟ್ಟವರನ್ನಾಗಿ ಮಾಡಲಿಲ್ಲ. ಮಾತಿಗೆ ಒಡವೆ ತೊಡಿಸುತ್ತ ಕೂತಿದ್ದರೆ ಈ ಕಥೆ ನಮ್ಮ ಕೈಗೆ ಬರುತ್ತಿತ್ತೇ?

ತಿದ್ದುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಹಿಟ್ಟು ಕಾವಲಿಗೆ ಬೀಳದೆ ಅದರ ಹದ ತಿಳಿಯುವುದು ಹೇಗೆ? ಮೊದಲ ದೋಸೆ ಹರಿದರೆ ಹರಿಯಲಿ. ಹೆಂಗಸರಾದ ನಮಗೆ ಅಚ್ಚುಕಟ್ಟಿನ ಪಾಠ ರಂಗೋಲಿಯಿಂದಲೇ ಆರಂಭ. ಒಂದು ಎಳೆ ಸೊಟ್ಟಗಾದರೆ ಯಾರಾದರೂ ಆಡಿಕೊಂಡಾರೆಂಬ ಭಯ. ನನ್ನ ಒಪ್ಪ ಓರಣದ ಹಿಂದೆ ಅಡಗಿದ್ದದ್ದು ಕಲೆಯಲ್ಲ, ಆ ಭಯವೇ.

ಒಂದು ತಿಂಗಳಲ್ಲಿ ಕಥೆ ಮುಗಿಸಿದೆ. ಅತ್ತೆಯ ಪಕ್ಕ ಕೂತು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದೆ. ಹನ್ನೊಂದು ವರ್ಷ ತಿದ್ದಿದ ಮೊದಲ ಪುಟದಲ್ಲಿ, ಗಂಡ ತೀರಿಕೊಂಡ ದಿನ ಹುಡುಗಿ ಕಂಬಕ್ಕೊರಗಿ ಬಿಕ್ಕುತ್ತಿದ್ದಳು. ಅತ್ತೆ ಕೈಯೆತ್ತಿ ನಿಲ್ಲಿಸಿದರು.

“ಆ ದಿನ ನಾನು ಅಳಲಿಲ್ಲ ಕಣೇ. ಬೆಳಗಿನಿಂದ ಯಾರೂ ಊಟಕ್ಕೆ ಕರೆದಿರಲಿಲ್ಲ. ಹಸಿವಾಗಿತ್ತು.”

ನನ್ನ ಚೆಂದದ ಪುಟವನ್ನು ಹೊಡೆದುಹಾಕಿ, ಅವರ ಮಾತನ್ನೇ ಬರೆದುಕೊಂಡೆ.